ಪದಚರ್ಚೆ: ಹೃದಯದ ಗೋಡೆ ‘ಗಟ್ಟಿ’ಯೋ, ‘ಬಿಗಿ’ಯೋ, ‘ಪೆಡಸೋ’?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಹೃದ್ರೋಗಿಗಳಿಗಾಗಿ ಬರೆಯುತ್ತಿರುವ ಎಕೋ (ಶಬ್ದದ ಅಲೆಯಿಂದ ಹೃದಯದ ಚಿತ್ರ ತೆಗೆಯುವ ಪರೀಕ್ಷೆ) ಕೈಪಿಡಿ ‘ಸ್ಟಿಫ್‌ನೆಸ್’ ಎಂಬ ಒಂದು ಮಾತಿನಲ್ಲಿ ಸಿಕ್ಕಿಹಾಕಿಕೊಂಡಿದೆ. ಚುಚ್ಚದೆ, ಕೊಯ್ಯದೆ, ಎದೆಯ ಮೇಲೆ ಪ್ರೋಬ್ ಇಟ್ಟು ಹೃದಯದ ಸ್ನಾಯುವಿನ ಸ್ಟಿಫ್‌ನೆಸ್ ಅಳೆಯುವ ವಿಧಾನಕ್ಕೆ ಅದರಲ್ಲಿ ಒಂದು ಪುಟವಿದೆ. ಕರಡಿನಲ್ಲಿ ಒಂದು ಕಡೆ ‘ಗಟ್ಟಿತನ’, ಇನ್ನೊಂದು ಕಡೆ ‘ಬಿಗಿತ’, ಮತ್ತೊಂದು ಕಡೆ ‘ಕಾಠಿಣ್ಯ’ ಎಂದಿದೆ. ಯಾವುದನ್ನು ಉಳಿಸಬೇಕು? ‘ಶಿಯರ್ ವೇವ್’ಗೂ ಒಂದು ಪದ ಬೇಕು.

ಉತ್ತರ 1:

‘ಗಟ್ಟಿ’ಯನ್ನು ಮೊದಲು ಕೈಬಿಡಿ. ‘ನಿಮ್ಮ ಹೃದಯ ಗಟ್ಟಿಯಾಗಿದೆ’ ಎಂದರೆ ನಮ್ಮ ಕಡೆಯವರು ಸದ್ಯ ಬದುಕಿದೆ ಎಂದು ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ. ಗುಂಡಿಗೆ ಗಟ್ಟಿ ಎಂದರೆ ಧೈರ್ಯ, ಆಳು ಗಟ್ಟಿ ಎಂದರೆ ಆರೋಗ್ಯ. ‘ಬಿಗಿತ’ದ ತೊಡಕು ಬೇರೆ. ‘ಎದೆ ಬಿಗಿಯುತ್ತೆ ಡಾಕ್ಟ್ರೇ’ ಎನ್ನುವುದು ರೋಗಿ ತಾನೇ ಹೇಳುವ ಲಕ್ಷಣ. ಸ್ನಾಯುವಿನ ಗುಣಕ್ಕೂ ಅದೇ ಮಾತು ಬಳಸಿದರೆ ಎರಡೂ ಕಲಸಿಹೋಗುತ್ತವೆ. ‘ಕಾಠಿಣ್ಯ’, ‘ಗಡಸು’ ಎಂದರೆ ಗೀರಿದರೂ ಗುರುತು ಬೀಳದ ಗುಣ. ಅದು ಖನಿಜಶಾಸ್ತ್ರಕ್ಕೇ ಇರಲಿ.

ನಮಗೆ ಬೇಕಾದದ್ದು ಬಲ ಬಿದ್ದಾಗ ಬಾಗಲು, ಹಿಗ್ಗಲು ಒಪ್ಪದ ಗುಣ. ಅಡಿಕೆ ತೋಟದಲ್ಲಿ ಅದು ಕಣ್ಣಿಗೇ ಕಾಣುತ್ತದೆ: ಅಲ್ಯೂಮಿನಿಯಂ ದೋಟಿಯನ್ನು ಮೇಲೆತ್ತಿದರೆ ಬಳುಕುತ್ತದೆ, ಕಾರ್ಬನ್ ಫೈಬರ್ ದೋಟಿ ಅಷ್ಟು ಬಳುಕುವುದಿಲ್ಲ. ಗಟ್ಟಿ ಎರಡೂ ಹೌದು. ಒಣಗಿದ ಅಡಿಕೆ ಹಾಳೆ ಪೆಡಸು. ನೀರಲ್ಲಿ ನೆನೆಸಿದರೆ ಬೇಕಾದ ಹಾಗೆ ಮಡಿಸಬಹುದು. ಹಾಗಾಗಿ ನನ್ನ ಮತ ‘ಪೆಡಸು’, ‘ಪೆಡಸುತನ’ಕ್ಕೆ.

ಅಳೆಯುವ ಬಗೆ ನೋಡಿದರೂ ಈ ಪದವೇ ಹೊಂದುತ್ತದೆ. ಎಕೋದ ಶಬ್ದ ಮೈಯೊಳಗೆ ಸೆಕೆಂಡಿಗೆ ಸುಮಾರು 1540 ಮೀಟರ್ ಓಡುತ್ತದೆ. ಆ ವೇಗದಿಂದ ಪೆಡಸುತನ ತಿಳಿಯುವುದಿಲ್ಲ. ತಿಳಿಸುವುದು ಸ್ನಾಯುವಿನಲ್ಲಿ ಸೆಕೆಂಡಿಗೆ ಕೆಲವೇ ಮೀಟರ್ ಸಾಗುವ ಅಡ್ಡ ಅಲೆ, ಅಂದರೆ ನೀವು ಕೇಳಿದ ‘ಶಿಯರ್ ವೇವ್’. ಲಿವರ್ ಪರೀಕ್ಷೆಯಲ್ಲಿ ಹೊರಗಿನಿಂದ ತಟ್ಟಿ ಅಲೆ ಎಬ್ಬಿಸಬಹುದು. ಹೃದಯದಲ್ಲಿ ಪಕ್ಕೆಲುಬು, ಆಳ, ಮಿಡಿತ ಮೂರೂ ಅಡ್ಡ ಬರುವುದರಿಂದ ಕವಾಟಗಳು ಮುಚ್ಚುವ ಏಟನ್ನೇ ನೆಚ್ಚಿಕೊಳ್ಳುವುದುಂಟು. ಮೈಟ್ರಲ್ (ಎಡ ಹೃತ್ಕುಕ್ಷಿಗೆ ರಕ್ತ ಬರುವ ಬಾಗಿಲು) ಅಥವಾ ಅಯೋರ್ಟಿಕ್ (ಅಲ್ಲಿಂದ ಹೊರಹೋಗುವ ಬಾಗಿಲು) ಕವಾಟ ಮುಚ್ಚಿದ ಕೂಡಲೇ ಎಡ, ಬಲ ಹೃತ್ಕುಕ್ಷಿಗಳ ನಡುಗೋಡೆಯಲ್ಲಿ ಒಂದು ಕಂಪನ ಬುಡದಿಂದ ತುದಿಗೆ ಓಡುತ್ತದೆ. ಎದೆಮೂಳೆಯ ಎಡಬದಿಯಿಂದ ಹೃದಯದ ಉದ್ದನೋಟ ಹಿಡಿದು, ಇಸಿಜಿ ಜೋಡಿಸಿ, ಚಿತ್ರದ ಅಗಲ ಕಿರಿದು ಮಾಡಿ, ನಡುಗೋಡೆಯ ಮೇಲೆ ಗೆರೆ ಎಳೆಯಬೇಕು. ಅಡ್ಡಕ್ಕೆ ಸಮಯ, ಉದ್ದಕ್ಕೆ ದೂರ ಇಟ್ಟ ನಕ್ಷೆಯಲ್ಲಿ ಅಲೆ ಓರೆಪಟ್ಟಿಯಾಗಿ ಮೂಡುತ್ತದೆ. ಪಟ್ಟಿಯ ಇಳಿಜಾರೇ ವೇಗ.

ತಪ್ಪುವುದು ಹೆಚ್ಚಾಗಿ ಚಿತ್ರಗಳ ಸಂಖ್ಯೆಯಲ್ಲಿ. 4 ಸೆಂ.ಮೀ. ಗೋಡೆಯನ್ನು ಸೆಕೆಂಡಿಗೆ 4 ಮೀಟರ್ ಓಡುವ ಅಲೆ 10 ಮಿಲಿಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಸೆಕೆಂಡಿಗೆ 60 ಚಿತ್ರ ತೆಗೆಯುವ ಮಾಮೂಲಿ ಎಕೋದಲ್ಲಿ ಎರಡು ಚಿತ್ರಗಳ ನಡುವೆಯೇ ಸುಮಾರು 17 ಮಿಲಿಸೆಕೆಂಡು ಕಳೆದಿರುತ್ತದೆ, ಅಲೆ ಬಂದದ್ದೂ ಹೋದದ್ದೂ ಕಾಣುವುದಿಲ್ಲ. 1000 ಚಿತ್ರ ತೆಗೆದರೆ ಹತ್ತು ಸಿಗುತ್ತವೆ. ಇನ್ನೊಂದು ತಪ್ಪು ಗೆರೆಯದು: ಅದು ಅಲೆಯ ದಾರಿಗೆ ಓರೆಯಾದರೆ ವೇಗ ಇರುವುದಕ್ಕಿಂತ ಹೆಚ್ಚಾಗಿ ಬರುತ್ತದೆ, ಕಡಿಮೆಯಾಗಿ ಅಲ್ಲ.

ಮೈಟ್ರಲ್ ಮುಚ್ಚಿದಾಗಿನ ವೇಗ ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 3–4 ಮೀಟರ್. ಅಮಿಲಾಯ್ಡ್ ಎಂಬ ಅಸಹಜ ಪ್ರೋಟೀನು ತುಂಬಿಕೊಂಡ ಹೃದಯದಲ್ಲಿ 6ರ ಆಚೀಚೆಗೂ ಏರುತ್ತದೆ. ವೇಗದ ವರ್ಗವನ್ನು ಸಾಂದ್ರತೆಯಿಂದ ಗುಣಿಸಿ ಪೆಡಸುತನದ ಮಾನವಾದ ಕಿಲೋಪ್ಯಾಸ್ಕಲ್ ಮಾಡಿಬಿಡುವ ಆಸೆ ಬರುತ್ತದೆ, ಮಾಡಬೇಡಿ. ಆ ಸೂತ್ರ ಎಲ್ಲ ಕಡೆಗೂ ಹರಡಿದ, ಏಕರೂಪದ ಅಂಗಾಂಶಕ್ಕೆ ಹೇಳಿದ್ದು. ಹೃದಯದ ನಡುಗೋಡೆ ಸುಮಾರು 1 ಸೆಂ.ಮೀ. ದಪ್ಪ, ಎರಡೂ ಬದಿಗೆ ರಕ್ತ, ನಾರುಗಳ ದಿಕ್ಕು ಒಂದು ಬದಿಯಿಂದ ಇನ್ನೊಂದಕ್ಕೆ ತಿರುಗುತ್ತಾ ಹೋಗುತ್ತದೆ. ಕೈಪಿಡಿಯಲ್ಲಿ ‘ಸೆಕೆಂಡಿಗೆ ಇಷ್ಟು ಮೀಟರ್’ ಎಂದೇ ಇರಲಿ.

ಉತ್ತರ 2:

‘ಪೆಡಸು’ ಒಪ್ಪಿಗೆ. ಆರಿದ ಅಕ್ಕಿರೊಟ್ಟಿಗೂ ಇದೇ ಮಾತು, ವಿವರಿಸುವ ಕೆಲಸವಿಲ್ಲ. ‘ಅವರ ಮಾತು ಪೆಡಸು’ ಎಂಬ ಬಳಕೆಯೂ ಇರುವುದರಿಂದ ‘ಪೆಡಸು ಹೃದಯ’ ಎನ್ನದೆ ‘ಹೃದಯದ ಸ್ನಾಯುವಿನ ಪೆಡಸುತನ’ ಎನ್ನಿ, ಇಲ್ಲದಿದ್ದರೆ ಬೈದಂತಾಗುತ್ತದೆ.

ಆದರೆ ಮೇಲಿನವರು ‘ಬಿಗಿ’ಯನ್ನು ಪೂರ್ತಿ ಹೊರಗೆ ಹಾಕಿದ್ದು ಸರಿಯಲ್ಲ. ಸ್ನಾಯು ಕುಗ್ಗಿ ಹಿಡಿದಾಗ ಬರುವುದು ಬಿಗಿ, ಸಡಿಲಿದಾಗಲೂ ಉಳಿಯುವುದು ಪೆಡಸು. ಮೈಟ್ರಲ್ ಮುಚ್ಚುವುದು ರಕ್ತ ತುಂಬಿ ಮುಗಿದು ಸ್ನಾಯು ಕುಗ್ಗಲು ಶುರುಮಾಡುವ ಹೊತ್ತು, ಆಗಿನ ಅಲೆ ಪೆಡಸಿಗೆ ಹತ್ತಿರ. ಅಯೋರ್ಟಿಕ್ ಮುಚ್ಚುವಾಗ ಕುಗ್ಗಿದ ಹಿಡಿತ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ, ಆ ಅಂಕಿಯಲ್ಲಿ ಬಿಗಿಯೂ ಸೇರಿರುತ್ತದೆ. ಒಳಗಿನ ಒತ್ತಡ ಏರಿ ಗೋಡೆ ಹಿಗ್ಗಿದ್ದರೂ, ಎಳೆದು ಕಟ್ಟಿದ ಹಗ್ಗದ ಹಾಗೆ, ಅಲೆ ಬೇಗ ಓಡುತ್ತದೆ. ಆದ್ದರಿಂದ ವರದಿಯಲ್ಲಿ ಯಾವ ಕವಾಟ, ಆಗ ಬಿಪಿ ಎಷ್ಟು ಎಂಬ ಎರಡು ಕಲಮು ಬೇಕೇ ಬೇಕು.

ಕೈಪಿಡಿಗೆ ಹೀಗೆ ಬರೆಯಬಹುದು: ‘ಕವಾಟ ಮುಚ್ಚಿದಾಗ ಹೃದಯದ ಗೋಡೆಯಲ್ಲಿ ಅಡ್ಡ ಅಲೆಯೊಂದು ಏಳುತ್ತದೆ. ಗೋಡೆ ಪೆಡಸಾದಷ್ಟೂ ಅಲೆ ಬೇಗ ಓಡುತ್ತದೆ.’ ‘ಅಡ್ಡ ಅಲೆ’ ಮೊದಲ ಸಲ ಬಂದಲ್ಲಿ ‘ಗೋಡೆ ಮೇಲೆ ಕೆಳಗೆ ಅದುರಿದರೆ ಅಲೆ ಉದ್ದಕ್ಕೆ ಸಾಗುತ್ತದೆ’ ಎಂದು ಒಂದು ಸಾಲು ಸೇರಿಸಿ, ಯಾಕೆಂದರೆ ಅಲೆಯೇ ಅಡ್ಡಡ್ಡ ಹೋಗುತ್ತದೆ ಎಂದು ತಿಳಿಯುವವರಿದ್ದಾರೆ.