ದಿವಾಳಿ ಅರ್ಜಿ ಹಾಕಿದ್ರ ಎಲ್ಲಾ ಸಾಲ ಹೋಗ್ತಾವೇನ್ರಿ?

ಗಂಜ್‌ಹುಡುಗ: ನಮಸ್ಕಾರ್ರಿ, ಕಲಬುರಗಿ ಗಂಜ್‌ನ್ಯಾಗ ನಮ್ಮಣ್ಣಂದು ತೊಗರಿ ಯಾಪಾರ ಇತ್ತು, ಎರಡ್ ವರ್ಷದಾಗ ಪೂರಾ ಮುಳುಗ್ಯದ. ಪರ್ಸನಲ್ ಲೋನ್, ಮನಿ ಮ್ಯಾಲಿನ ಸಾಲ, ಮಂದಿ ಕಡಿಂದ ಕೈಗಡ, ಜಿಎಸ್‌ಟಿ ಬಾಕಿ, ಅದ್ರ ಮ್ಯಾಲ ಮೊದಲ್ನೇ ಹೆಂಡ್ತಿಗಿ ಕೋರ್ಟ್ ಹಾಕಿದ್ ಜೀವನಾಂಶ ಬ್ಯಾರೆ. ದಿವಾಳಿ ಅರ್ಜಿ ಹಾಕು ಎಲ್ಲಾ ತೊಳ್ಕೊಂಡ್ ಹೋಗ್ತದ ಅಂತ ಯಾರೋ ತಲ್ಯಾಗ ತುಂಬ್ಯಾರ, ಖರೇನಾ? ಪರ್ಸನಲ್ ಲೋನಿಗಿ ನಾನೇ ಜಾಮೀನ್ ಬಿದ್ದೀನ್ರಿ.

ಕರಿಕೋಟು_ಬೀದರ್: ಎಲ್ಲಾ ಹೋಗಲ್ರಿ ತಮ್ಮಾ. 2016ರ ಐಬಿಸಿ (ಹೊಸಾ ದಿವಾಳಿ ಕಾಯ್ದೆ) ಅಂತ ಗೂಗಲ್‌ನ್ಯಾಗ ಓದಿ ಕುಂದ್ರಬ್ಯಾಡ್ರಿ, ಅದ್ರಾಗ ಮಂದಿಗಿ ಸಂಬಂಧಪಟ್ಟ ಭಾಗ 2019 ಡಿಸೆಂಬರ್‌ದಿಂದ ಕಂಪನಿ ಸಾಲಕ್ಕ ಜಾಮೀನ್ ನಿಂತೋರಿಗಷ್ಟೇ ಜಾರಿ ಆಗ್ಯದ. ನಮ್ ಕಡಿ ಸಾದಾ ಮನುಷ್ಯಾಗ ಇನ್ನಾ 1920ರ ಪ್ರಾಂತೀಯ ದಿವಾಳಿ ಕಾಯ್ದೆನೇ, ಅರ್ಜಿ ಜಿಲ್ಲಾ ಕೋರ್ಟಿಗಿ. 44ನೇ ಕಲಂ ಪ್ರಕಾರ ಸರ್ಕಾರದ ಬಾಕಿ ಉಳಿತದ, ಅಂದ್ರ ಜಿಎಸ್‌ಟಿ ಹೋಗಲ್ಲ, ಜೀವನಾಂಶನೂ ಹೋಗಲ್ಲ, ಮೋಸ ಮಾಡಿ ತಂದ ರೊಕ್ಕನೂ ಹೋಗಲ್ಲ. ಕೈಗಡ, ಪರ್ಸನಲ್ ಲೋನ್ ಹೋಗ್ತಾವ, ಆದ್ರ ಅರ್ಜಿ ಹಾಕಿದ್ ದಿನಾ ಅಲ್ಲ, ಕೋರ್ಟ್ ಡಿಸ್ಚಾರ್ಜ್, ಅಂದ್ರ ಸಾಲದಿಂದ ಬಿಡುಗಡಿ ಆದೇಶ, ಕೊಟ್ಟ ಮ್ಯಾಲ. ಮನಿ ಅಡ ಇದ್ರ ಬ್ಯಾಂಕಿನೋರು ಮನಿ ಮಾರ್ಕೋಬಹುದು, ಅದಕ್ ಈ ಕಾಯ್ದೆ ಅಡ್ಡ ಬರಲ್ಲ.

ಗಂಜ್‌ಹುಡುಗ: ಮತ್ ನಂದು ಅಣ್ಣಾವ್ರೆ?

ಕರಿಕೋಟು_ಬೀದರ್: ಅದೇ ಕಲಂನ್ಯಾಗ ಬರೆದದ, ಸಾಲಗಾರ ಬಿಟ್ಟ್ರೂ ಜಾಮೀನ್‌ದಾರ ಬಿಡಲ್ಲ. ಅಣ್ಣಂದು ಹೋದ ಸಾಲ ನಿಮ್ ಕೊರಳಿಗಿ ಬರ್ತದ. ಇದನ್ ಯಾರೂ ಮೊದ್ಲೇ ಹೇಳಲ್ಲ, ಸಹಿ ಹಾಕಿಸ್ಕೋಬೇಕಾದ್ರ ಚಾ ಕುಡಿಸ್ತಾರ ಅಷ್ಟೇ.

ಭೀಮಾದಂಡಿ: ಯಾದಗಿರಿಯಿಂದ್ರಿ. ನಮ್ ಕಾಕಾಂದೂ ಹಿಂಗೇ ಆಗಿತ್ತು. ಸೊಸಿ ಹೆಸರಿಗಿ ಹೊಲ ದಾನಪತ್ರ ಮಾಡಿ ಮುಂದಿನ ವರ್ಷ ದಿವಾಳಿ ಅರ್ಜಿ ಹಾಕಿದ್ರು, ಅರ್ಜಿಗಿ ಹಿಂದಿನ ಎರಡ್ ವರ್ಷದಾಗ ಕೊಟ್ಟ ಪುಕಸಟ್ಟೆ ಆಸ್ತಿ ಕೋರ್ಟ್ ರದ್ದ್ ಮಾಡ್ಬಹುದಂತ, ಹೊಲ ವಾಪಸ್ ಬಂತು, ಸೊಸಿ ಮಾತ್ ಬಿಟ್ಟಾಳ. ಚೆಕ್ ಬೌನ್ಸ್ ಕೇಸೂ ಇತ್ತು, ಅದು ಕ್ರಿಮಿನಲ್ ಅಂತ ಬ್ಯಾರೇನೇ ನಡೀತು.

ಗಂಜ್‌ಹುಡುಗ: ಹೋದ್ ದೀಪಾವಳಿಗೇ ಅಣ್ಣ ಪ್ಲಾಟ್ ಅತ್ತಿಗಿ ಹೆಸರಿಗಿ ಮಾಡ್ಯಾನ್ರಿ 😐

ಕರಿಕೋಟು_ಬೀದರ್: ಕಾಗದ ಎಲ್ಲಾ ತಗೊಂಡ್ ಅಲ್ಲೇ ಕೋರ್ಟ್‌ನ್ಯಾಗ ಸಿವಿಲ್ ನೋಡೋ ವಕೀಲರ ಕಡಿ ಹೋಗ್ರಿ, ಪ್ಲಾಟಿನ ಮಾತ್ ಮುಚ್ಚಿಡಬ್ಯಾಡ್ರಿ.