ಹಿತ್ತಲ ಪೈನ್ ಮರದ ತುದಿ ಒಣಗುತ್ತಿದೆ, ಅಪ್ಪ ಬೋರ್ಡೋ ಹೊಡಿ ಅಂತಾರೆ

ಪ್ರಶ್ನೆ: ಮೇಡಂ ನಮಸ್ಕಾರ. ನಮ್ಮ ಮನೆ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ಕೌಂಟಿಯಲ್ಲಿ, ಸಮುದ್ರದ ಹತ್ತಿರ. ಹಿತ್ತಲಲ್ಲಿ ದೊಡ್ಡದೊಂದು ಮಾಂಟೆರೆ ಪೈನ್ ಇದೆ. ಕಳೆದ ವರ್ಷದಿಂದ ಅಲ್ಲೊಂದು ಇಲ್ಲೊಂದು ರೆಂಬೆಯ ತುದಿ ಹಳದಿಯಾಗಿ, ಆಮೇಲೆ ಕೆಂಪಗಾಗಿ ಉದುರುತ್ತಿದೆ. ಎರಡು ಕೊಂಬೆಗಳಿಂದ ಅಂಟು ಸೋರಿ ಕೆಳಗಿನ ಎಲೆಗೆಲ್ಲ ಮೆತ್ತಿಕೊಂಡಿದೆ. ಮರ ಕಡಿಯುವವರನ್ನು ಕರೆಸಿದೆ. "ಪಿಚ್ ಕ್ಯಾಂಕರ್, ಈ ವಾರವೇ ಕಡಿಸಿ" ಅಂದರು. ತೀರ್ಥಹಳ್ಳಿಯಿಂದ ಬಂದಿರುವ ಅಪ್ಪ "ಮೈಲುತುತ್ತ, ಸುಣ್ಣ ಕಲಸಿ ಹೊಡಿ, ಅಡಕೆ ಕೊಳೆರೋಗಾನೇ ನಿಲ್ಲುತ್ತೆ" ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದೂ ಸದ್ಯಕ್ಕೆ ಬೇಡ.

ಮೊದಲು ಅಪ್ಪನ ಮಾತು. ಅವರು ಹೇಳುವ ಮೈಲುತುತ್ತ-ಸುಣ್ಣದ ದ್ರಾವಣವೇ ಬೋರ್ಡೋ. ಅಡಕೆಗೆ ನಾವು ಅದನ್ನು ಹೊಡೆಯುವುದು ರೋಗ ಬರುವ ಮುಂಚೆ. ಕಾಯಿಯ ಮೇಲೆ ತಾಮ್ರದ ತೆಳು ಪದರ ಕೂತಿರುತ್ತದೆ, ರೋಗಾಣು ಅದರ ಮೇಲೆ ಬಿದ್ದು ಮೊಳೆಯುವಾಗಲೇ ಸಾಯುತ್ತದೆ. ಪಿಚ್ ಕ್ಯಾಂಕರ್ ತರುವ ಶಿಲೀಂಧ್ರ ಫ್ಯುಸೇರಿಯಮ್ ಸರ್ಸಿನೇಟಮ್. ಅದು ಗಾಯದ ಮೂಲಕ ಒಳಗೆ ಹೋಗುತ್ತದೆ. ನಿಮ್ಮ ಕಡೆ ಆ ಗಾಯ ಮಾಡುವುದು ಹೆಚ್ಚಾಗಿ ರೆಂಬೆ, ಕಾಯಿ ಕೊರೆಯುವ ಸಣ್ಣ ದುಂಬಿಗಳು. ಕೊರೆಯುವಾಗ ರೋಗವನ್ನೂ ಒಳಗೆ ಇಟ್ಟು ಹೋಗುತ್ತವೆ. ತೊಗಟೆಯ ಒಳಗೆ ಕೂತದ್ದಕ್ಕೆ ಹೊರಗಿನಿಂದ ಏನು ಹೊಡೆದರೂ ತಾಗುವುದಿಲ್ಲ. ಇದಕ್ಕೆ ಕೆಲಸ ಮಾಡುವ ಔಷಧಿ ಇಲ್ಲ. ಯಾರಾದರೂ ಇಂಜೆಕ್ಷನ್ ಕೊಡ್ತೀವಿ ಅಂತ ಬಂದರೆ ದುಡ್ಡು ಕೊಡಬೇಡಿ.

ಇನ್ನು ಕಡಿಯುವ ಮಾತು. ಈ ರೋಗವನ್ನು ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಗುರುತಿಸಿದ್ದು 1946ರಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಕಂಡದ್ದು 1986ರಲ್ಲಿ, ಅದೂ ನಿಮ್ಮ ಸಾಂತಾ ಕ್ರೂಜ್ ಕೌಂಟಿಯಲ್ಲೇ. ಮಾಂಟೆರೆ ಪೈನ್ ಸಹಜವಾಗಿ ಬೆಳೆಯುವುದು ಇಡೀ ಭೂಮಿಯಲ್ಲಿ ಐದೇ ಕಡೆ: ಈ ಕರಾವಳಿಯ ಆನ್ಯೋ ನ್ಯೂವೋ, ಮಾಂಟೆರೆ, ಕೇಂಬ್ರಿಯಾ, ಜೊತೆಗೆ ಮೆಕ್ಸಿಕೋದ ಎರಡು ದ್ವೀಪ. ಹಾಗಾಗಿ ತೊಂಬತ್ತರ ದಶಕದಲ್ಲಿ ಈ ಮರದ ಕಥೆಯೇ ಮುಗಿಯಿತು ಅನ್ನುವಷ್ಟು ಗಾಬರಿ ಇತ್ತು. ಆಮೇಲೆ ಗಮನಿಸುತ್ತಾ ಹೋದರೆ, ಜೋರಾಗಿ ರೋಗ ಬಂದಿದ್ದ ಎಷ್ಟೋ ಮರಗಳಲ್ಲಿ ಹೊಸ ಸೋಂಕು ನಿಂತು ಚಿಗುರು ಬಂತು. ಮೊದಲು ತಗುಲಿದ ಸೋಂಕೇ ಮರದ ತಡೆಯುವ ಶಕ್ತಿಯನ್ನು ಹೆಚ್ಚಿಸುತ್ತದೆ. ಎಲ್ಲ ಮರಕ್ಕೂ ಈ ಅದೃಷ್ಟ ಇಲ್ಲ. ಆದರೆ ನಾಲ್ಕು ತುದಿ ಒಣಗಿತು ಅಂತ ಕೊಡಲಿ ಎತ್ತುವುದಕ್ಕೆ ನಾನು ಒಪ್ಪುವುದಿಲ್ಲ. ಕಾಂಡದಲ್ಲೇ ಅಂಟು ಸೋರುವ ಗಾಯಗಳಿದ್ದು, ಮರದ ತಲೆ ಸತ್ತು, ಅದು ಮನೆ ಕಡೆ ವಾಲಿದ್ದರೆ ಮಾತು ಬೇರೆ. ಆಗ ಕಡಿಸಿ.

ಅಂದಹಾಗೆ, ಇದು ಪಿಚ್ ಕ್ಯಾಂಕರ್ ಅಂತ ಹೇಳಿದ್ದು ಯಾರು? ಕಣ್ಣಳತೆಯಲ್ಲಿ ಅಲ್ವಾ? ಡಿಪ್ಲೋಡಿಯಾ ಅನ್ನುವ ಇನ್ನೊಂದು ಶಿಲೀಂಧ್ರವೂ ತುದಿಯನ್ನು ಹೀಗೇ ಒಣಗಿಸುತ್ತದೆ. ಅಂಟು ಸೋರುವ ಕಡೆ ತೊಗಟೆ ಕೆರೆದು ನೋಡಿ. ಒಳಗಿನ ಮರ ಜೇನಿನ ಬಣ್ಣಕ್ಕೆ ತಿರುಗಿ ಅಂಟಿನಲ್ಲಿ ನೆನೆದಂತಿದ್ದರೆ ಅನುಮಾನ ಗಟ್ಟಿ. ಆದರೂ ಲ್ಯಾಬ್‌ನಲ್ಲಿ ಬೆಳೆಸಿ ನೋಡದೆ ಖಾತ್ರಿ ಇಲ್ಲ. ಕೌಂಟಿಯ ಕೃಷಿ ಕಚೇರಿಯಲ್ಲಿ ವಿಚಾರಿಸಿ, ಸ್ಯಾಂಪಲ್ ಹೇಗೆ ಕೊಡಬೇಕು ಅಂತ ಹೇಳುತ್ತಾರೆ.

ಇನ್ನೊಬ್ಬ ಸದಸ್ಯರು: ಸಾಂತಾ ಕ್ರೂಜ್ ಕಡೆಯ ನಮ್ಮ ಪರಿಚಯದವರೂ ಇಂಥದೇ ಮರ ಕಡಿಸಿ, ಸೌದೆ ಬೇಕಾದರೆ ಒಯ್ಯಿರಿ ಅಂದಿದ್ದಾರೆ. ನಮ್ಮ ಮನೆ ಸ್ಯಾಕ್ರಮೆಂಟೋದಲ್ಲಿ. ತರಬಹುದಾ?

ಉತ್ತರ: ಬೇಡವೇ ಬೇಡ. ಕಡಿದ ತುಂಡಿನಲ್ಲಿ ಈ ಶಿಲೀಂಧ್ರ ಒಂದು ವರ್ಷಕ್ಕೂ ಜಾಸ್ತಿ ಬದುಕಿರುತ್ತದೆ, ದುಂಬಿಗಳೂ ಒಳಗೇ ಇರುತ್ತವೆ. ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋದರೆ ದುಂಬಿ ತಾನೇ ಹಾರಿ ಹೋಗಲಾರದ ದೂರಕ್ಕೆ ನೀವೇ ಡ್ರೈವರ್. ಬಿದ್ದಲ್ಲೇ ಪುಡಿ ಮಾಡಿಸಿ ಅಲ್ಲೇ ಬಿಡಲಿ. ಗರಗಸವನ್ನೂ ಒರೆಸಿ, ಬ್ಲೀಚ್ ನೀರಲ್ಲಿ ಅದ್ದಿ ಇಡಲಿ.

ಮತ್ತೊಬ್ಬರು: ಸಕಲೇಶಪುರದಲ್ಲಿ ಸಣ್ಣ ನರ್ಸರಿ ಇದೆ. ಅಮೆರಿಕದಲ್ಲಿರುವ ತಂಗಿ ಊರಿಗೆ ಬರುವಾಗ ಇದೇ ಪೈನ್ ಬೀಜ ಒಂದು ಹಿಡಿ ತರಿಸೋಣ ಅಂತಿದ್ದೆ.

ಉತ್ತರ: ದಯವಿಟ್ಟು ತರಿಸಬೇಡಿ ಸರ್. ಚೆಂದ ಕಾಣುವ ಬೀಜದ ಒಳಗೂ ಇದು ಸುಮ್ನೆ ಮಲಗಿರುತ್ತದೆ. ನರ್ಸರಿಯಲ್ಲಿ ಸಸಿಯ ಬುಡ ಕೊಳೆತು ತಲೆ ಬಾಗಿದರೆ ಗೊತ್ತಾಗುತ್ತದೆ. ಕೆಲವು ಸಸಿಗಳು ಸೋಂಕು ಹೊತ್ತೂ ಹಸಿರಾಗೇ ನಿಂತಿರುತ್ತವೆ, ಅವೇ ಹೆಚ್ಚು ಅಪಾಯ. ದಕ್ಷಿಣ ಆಫ್ರಿಕಾದಲ್ಲಿ ಇದು ಮೊದಲು ಸಿಕ್ಕಿದ್ದು 1990ರಲ್ಲಿ, ಒಂದು ಪೈನ್ ನರ್ಸರಿಯ ಸಸಿಗಳಲ್ಲಿ. 2005ರ ಹೊತ್ತಿಗೆ ಅಲ್ಲಿ ಬೆಳೆದು ನಿಂತ ತೋಪಿನಲ್ಲೂ ಕಾಣಿಸಿತು. ನ್ಯೂಜಿಲೆಂಡ್‌ನ ಮರದ ವ್ಯಾಪಾರ ನಿಂತಿರುವುದೇ ಈ ಮಾಂಟೆರೆ ಪೈನ್ ಮೇಲೆ. ಕ್ಯಾಲಿಫೋರ್ನಿಯಾದಿಂದ ಬಂದ ಡಗ್ಲಸ್ ಫರ್ ಕಸಿಕಡ್ಡಿಯಲ್ಲಿ ಈ ಶಿಲೀಂಧ್ರ ಇದ್ದದ್ದನ್ನು ಅವರು ಕ್ವಾರಂಟೈನ್‌ನಲ್ಲೇ ಹಿಡಿದರು. ಪೈನೂ ಅಲ್ಲದ ಮರದಲ್ಲಿ ಬಂದಿತ್ತು ನೋಡಿ! ನಮ್ಮಲ್ಲೂ 2003ರ ಸಸ್ಯ ಕ್ವಾರಂಟೈನ್ ಆದೇಶ ಇದೆ. ಪರವಾನಗಿ, ತಪಾಸಣೆ ಇಲ್ಲದೆ ಬೀಜ ತರುವಂತಿಲ್ಲ, ಒಂದು ಹಿಡಿಯಾದರೂ ಅಷ್ಟೇ.

ಪ್ರಶ್ನೆ: ಆರೆಗಾನ್‌ನ ಕ್ರೇಟರ್ ಲೇಕ್ ಹತ್ತಿರ ಒಣಗಿದ ಪೈನ್‌ಗಳನ್ನು ನೋಡಿದ್ದೆ. ಅದೂ ಇದೇನಾ?

ಉತ್ತರ: ಅಲ್ಲ. ಅಲ್ಲಿನ ವೈಟ್‌ಬಾರ್ಕ್ ಪೈನ್‌ಗಳನ್ನು ಕಾಡುವುದು ಬ್ಲಿಸ್ಟರ್ ರಸ್ಟ್ ಅನ್ನುವ ತುಕ್ಕು ರೋಗ, ಜೊತೆಗೆ ತೊಗಟೆ ದುಂಬಿ. ಆ ತುಕ್ಕು ಸುಮಾರು 1910ರಲ್ಲಿ ಯುರೋಪಿನಿಂದ ಹಡಗಿನಲ್ಲಿ ಬಂದ ಸಸಿಗಳ ಜೊತೆ ಪಶ್ಚಿಮ ಕರಾವಳಿಗೆ ಇಳಿಯಿತು. 2022ರಲ್ಲಿ ಅಮೆರಿಕ ಆ ಮರವನ್ನು ಅಪಾಯದಲ್ಲಿರುವ ಜಾತಿಗಳ ಪಟ್ಟಿಗೆ ಸೇರಿಸಿತು.

ಮೊದಲ ಪ್ರಶ್ನೆ ಕೇಳಿದವರು: ಮೇಡಂ, ತೊಗಟೆ ಕೆರೆದೆವು, ಒಳಗೆ ಜೇನಿನ ಬಣ್ಣವೇ. ಸ್ಯಾಂಪಲ್ ಕೊಟ್ಟು ಬಂದೆ. ಕಾಂಡ ಚೆನ್ನಾಗಿದೆ. ಅಪ್ಪ ಈಗ "ಒಣಗಿದ ತುದಿಯನ್ನಾದರೂ ಸವರೋಣ" ಅಂತ ಏಣಿ ಹುಡುಕುತ್ತಿದ್ದಾರೆ.

ಉತ್ತರ: ಏಣಿ ಬಚ್ಚಿಡಿ! ತುದಿ ಸವರಿದರೆ ರೋಗ ನಿಲ್ಲುವುದಿಲ್ಲ, ನೋಡಲು ಚೆಂದ ಆಗುತ್ತದೆ ಅಷ್ಟೇ. ಈಗ ದುಂಬಿ ಓಡಾಡುವ ಕಾಲ, ಹಸಿ ಗಾಯದ ವಾಸನೆಗೆ ಬಂದೇ ಬರುತ್ತವೆ. ಸವರಲೇಬೇಕು ಅಂದರೆ ಚಳಿಗಾಲಕ್ಕೆ ನೋಡೋಣ. ಲ್ಯಾಬ್ ವರದಿ ಬಂದಾಗ ಇಲ್ಲೇ ಹಾಕಿ.