ಹೆಸರಲ್ಲಿ ಹಣ್ಣಿರುವ ಹಳೇ ಹಾಡುಗಳು: ಸಹಾಯ ಬೇಕು

ಹೆಸರಲ್ಲೇ ಹಣ್ಣಿರುವ ಹಳೇ ಇಂಗ್ಲಿಷ್ ಹಾಡುಗಳ ಮೇಲೆ ಕ್ವಿಜ್ ಮಾಡಲು ಹೊರಟು ಸಿಕ್ಕಿಹಾಕಿಕೊಂಡಿದ್ದೇನೆ. 1923ರ ‘ಯೆಸ್! ವಿ ಹ್ಯಾವ್ ನೋ ಬನಾನಾಸ್’, ಫ್ಯಾಟ್ಸ್ ಡಾಮಿನೋ 1956ರಲ್ಲಿ ಹಾಡಿದ ‘ಬ್ಲೂಬೆರಿ ಹಿಲ್’ ಸಲೀಸಾಗಿ ಸಿಕ್ಕವು. (ಮೊದಲನೆಯದರಲ್ಲಿ ಬಾಳೆಹಣ್ಣೇ ಇಲ್ಲ ಅಂತಾರೆ, ಇರಲಿ ಬಿಡಿ!)

ತಲೆನೋವು ಬೀಟಲ್ಸ್‌ನವರ 1967ರ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’. ಅದು ಹಣ್ಣಿನ ತೋಟವಲ್ಲ, ಲಿವರ್‌ಪೂಲ್‌ನಲ್ಲಿದ್ದ ಮಕ್ಕಳ ಆಶ್ರಮದ ಹೆಸರಿನಿಂದ ಬಂದಿದ್ದು. ಮಾರ್ವಿನ್ ಗೇ ಹಾಡಿದ ‘ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್’ನಲ್ಲಿರುವ ‘ಗ್ರೇಪ್‌ವೈನ್’ ಅಂತೂ ದ್ರಾಕ್ಷಿಯೇ ಅಲ್ಲ, ಗಾಳಿಮಾತು!

ನಿಯಮ ಮೂರು ಸಲ ಬರೆದು ಹೊಡೆದುಹಾಕಿದೆ. ‘ಹಣ್ಣಿನ ಪದ ಇದ್ದರೆ ಸಾಕು’ ಅಂದರೆ ಎರಡೂ ಒಳಗೆ. ‘ಹಣ್ಣೇ ಆಗಿರಬೇಕು’ ಅಂದರೆ ಪಾಪ, ಬ್ಲೂಬೆರಿ ಗುಡ್ಡವೂ ಹೊರಗೆ.

ನೀವಾಗಿದ್ದರೆ ಈ ಎರಡು ಹಾಡನ್ನು ಸೇರಿಸುತ್ತಿದ್ದಿರಾ, ಬಿಡುತ್ತಿದ್ದಿರಾ? ಒಂದೇ ಸಾಲಿನ ನಿಯಮ ಹೇಳಿ.